ಬಾಗಿಲು ದಾಟಿದ ಮೇಲೆ ಎಲ್ಲಿಗೆ? ಕೌಟುಂಬಿಕ ಹಿಂಸೆ ಮತ್ತು ಮನೆಯಿಲ್ಲದ ಹೆಂಗಸರು

2011ರ ಫೆಬ್ರುವರಿ 28ರ ರಾತ್ರಿ ಜನಗಣತಿಯ ಸಿಬ್ಬಂದಿ ದೇಶದ ರೈಲು ನಿಲ್ದಾಣ, ಬಸ್ ನಿಲ್ದಾಣ, ಮೇಲ್ಸೇತುವೆಯ ಅಡಿ, ಗುಡಿಯ ಜಗಲಿ, ರಸ್ತೆಬದಿಗಳಲ್ಲಿ ಮಲಗಿದ್ದವರನ್ನು ಎಣಿಸಿದರು. ಆ ಲೆಕ್ಕದ ಪ್ರಕಾರ ಭಾರತದಲ್ಲಿ ಸೂರಿಲ್ಲದವರು ಸುಮಾರು 17.7 ಲಕ್ಷ ಮಂದಿ. ಅದೇ ರಾತ್ರಿ ಗಂಡನ ಹೊಡೆತ ತಾಳಲಾರದೆ ಎರಡು ಮಕ್ಕಳನ್ನು ಎಬ್ಬಿಸಿಕೊಂಡು ಬಂದು ಅಕ್ಕನ ಮನೆಯ ಅಡುಗೆಕೋಣೆಯಲ್ಲಿ ಚಾಪೆ ಹಾಸಿಕೊಂಡ ಹೆಂಗಸು ಈ ಸಂಖ್ಯೆಯೊಳಗೆ ಇರಲಿಲ್ಲ. ಅವಳ ತಲೆಯ ಮೇಲೆ ಸೂರು ಇತ್ತು. ಆ ಸೂರಿನ ಕೆಳಗೆ ಎಷ್ಟು ದಿನ ಇರಬಹುದೆಂಬುದು ಮಾತ್ರ ಭಾವನ ಮುಖದ ಮೇಲೆ ನಿಂತಿತ್ತು. ಹಾಗೆ ನೋಡಿದರೆ ಕೌಟುಂಬಿಕ ಹಿಂಸೆಯಿಂದ ಮನೆ ಕಳೆದುಕೊಂಡ ಹೆಂಗಸರು ಬೀದಿಯಲ್ಲಿ ಕಾಣಿಸಿಕೊಳ್ಳುವುದು ತೀರ ಕೊನೆಯ ಹಂತದಲ್ಲಿ. ಅದಕ್ಕೂ ಮೊದಲು ಅವರು ತವರಿನ ಪಡಸಾಲೆಯಲ್ಲಿ, ಗೆಳತಿಯ ಬಾಡಿಗೆ ಕೋಣೆಯಲ್ಲಿ, ಕೆಲಸಕ್ಕಿದ್ದ ಮನೆಯ ಹಿತ್ತಿಲಲ್ಲಿ, ಮರುದಿನದ ಬಸ್ಸಿಗೆ ಕಾಯುವ ಪ್ರಯಾಣಿಕರಂತೆ ಕುಳಿತ ನಿಲ್ದಾಣದ ಬೆಂಚಿನ ಮೇಲೆ, ಯಾರ ಎಣಿಕೆಗೂ ಸಿಗದೆ ತಿಂಗಳುಗಳನ್ನು ಕಳೆದಿರುತ್ತಾರೆ.

ಈ ವಿಷಯ ಕರ್ನಾಟಕಕ್ಕೆ ದೂರದ್ದಲ್ಲ. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 18ರಿಂದ 49 ವರ್ಷದೊಳಗಿನ ವಿವಾಹಿತ ಹೆಂಗಸರ ಪೈಕಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದವರ ಪ್ರಮಾಣ ಕರ್ನಾಟಕದಲ್ಲಿ ಶೇ 44.4ರಷ್ಟಿತ್ತು, ಅದು ದೇಶದ ರಾಜ್ಯಗಳಲ್ಲೇ ಅತಿ ಹೆಚ್ಚು. ರಾಷ್ಟ್ರೀಯ ಸರಾಸರಿ ಶೇ 29.3. ಹಿಂದಿನ ಸಮೀಕ್ಷೆಯಲ್ಲಿ ಇದೇ ರಾಜ್ಯದ ಅಂಕಿ ಶೇ 20.6 ಆಗಿತ್ತು. ಈ ಏರಿಕೆಯನ್ನು ಲಾಕ್‌ಡೌನಿನ ಲೆಕ್ಕಕ್ಕೆ ಬರೆದು ಕೈತೊಳೆದುಕೊಳ್ಳುವಂತಿಲ್ಲ, ಏಕೆಂದರೆ ಕರ್ನಾಟಕದಲ್ಲಿ ಸಮೀಕ್ಷೆಯ ಕ್ಷೇತ್ರಕಾರ್ಯ ನಡೆದದ್ದು 2019ರ ಉತ್ತರಾರ್ಧದಲ್ಲಿ, ಕೊರೊನಾ ಬರುವುದಕ್ಕೆ ಮೊದಲು. ಹಿಂಸೆಯೇ ಹೆಚ್ಚಿತೋ, ಹೇಳಿಕೊಳ್ಳುವ ಧೈರ್ಯ ಹೆಚ್ಚಿತೋ ಎಂಬ ಚರ್ಚೆ ಇರಬಹುದು; ಎರಡೂ ಸೇರಿರಬಹುದು. ಆದರೆ ನೂರರಲ್ಲಿ ನಲವತ್ತನಾಲ್ಕು ಹೆಂಗಸರು ಸಮೀಕ್ಷೆಯವರ ಮುಂದೆ ಹೌದು ಎಂದ ನಾಡಿನಲ್ಲಿ ಅವರು ಎಲ್ಲಿಗೆ ಹೋಗುತ್ತಾರೆ, ಏಕೆ ಹೋಗುವುದಿಲ್ಲ ಎಂಬ ಪ್ರಶ್ನೆಯನ್ನು ನಾವು ಬೇಕಾದಷ್ಟು ಗಂಭೀರವಾಗಿ ಕೇಳಿಕೊಂಡಿಲ್ಲ.

ಅದೇ ಸಮೀಕ್ಷೆಯ ಇನ್ನೊಂದು ಅಂಕಿ ಈ ಪ್ರಶ್ನೆಗೆ ಹತ್ತಿರದ್ದು. ದೇಶದಾದ್ಯಂತ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ ಹೆಂಗಸರಲ್ಲಿ ಶೇ 77ರಷ್ಟು ಮಂದಿ ಯಾರ ನೆರವನ್ನೂ ಕೇಳಿರಲಿಲ್ಲ, ಯಾರಿಗೂ ಹೇಳಿಯೂ ಇರಲಿಲ್ಲ. ನೆರವು ಕೇಳಿದವರು ಶೇ 14 ಮಾತ್ರ. ಈ ಮೌನಕ್ಕೆ ಮರ್ಯಾದೆಯ ಅಂಜಿಕೆ, ಮಕ್ಕಳ ಚಿಂತೆ ಮುಂತಾದ ಕಾರಣಗಳನ್ನು ಎಲ್ಲರೂ ಹೇಳುತ್ತಾರೆ, ಅವೆಲ್ಲ ನಿಜವೂ ಹೌದು. ಆದರೆ ಅವುಗಳ ಅಡಿಯಲ್ಲಿ ಇನ್ನೂ ಗಟ್ಟಿಯಾದ ಒಂದು ಕಾರಣವಿದೆ: ದೂರು ಕೊಟ್ಟ ದಿನವೇ ಮನೆ ಬಿಡಬೇಕಾದ ದಿನವೂ ಆಗುತ್ತದೆ ಎಂಬ ಅರಿವು. ಹೊಡೆಯುವ ಗಂಡ ಹೊಡೆತಕ್ಕಿಂತ ಹೆಚ್ಚು ಸಲ ಬಳಸುವ ಆಯುಧ ಒಂದು ಮಾತು. ‘ಇದು ನನ್ನ ಮನೆ, ಇರೋಕಾದ್ರೆ ಇರು, ಇಲ್ಲಾಂದ್ರೆ ನಡಿ ಆಚೆ’ ಎಂಬ ಆ ಮಾತು ಬರಿಯ ಬೈಗುಳವಲ್ಲ. ಮನೆಯ ಪತ್ರ ಯಾರ ಹೆಸರಿನಲ್ಲಿದೆ ಎಂಬುದರ ನಿಖರವಾದ ವರದಿ ಅದು. ಹಿಂಸೆಯು ಮನೆಯಿಲ್ಲದಿರುವಿಕೆಗೆ ಕಾರಣವಾಗುತ್ತದೆ ಎನ್ನುವುದು ಅರ್ಧ ಸತ್ಯವೆಂದೇ ನನ್ನ ಭಾವನೆ. ಮನೆ ತನ್ನದಲ್ಲವೆಂಬ ಸ್ಥಿತಿ ಮೊದಲಿನಿಂದಲೂ ಇರುತ್ತದೆ. ಆ ಸ್ಥಿತಿಯೇ ಹಿಂಸೆಯನ್ನು ವರ್ಷಗಟ್ಟಲೆ ಸಹಿಸುವಂತೆ ಮಾಡುತ್ತದೆ. ಸಹಿಸಲಾಗದ ಒಂದು ದಿನ ಅದು ಬಯಲಾಗುತ್ತದೆ.

ತವರು ಇದೆಯಲ್ಲ ಎಂದು ಕೇಳಬಹುದು. ಕನ್ನಡದಲ್ಲಿ ತವರಿನಷ್ಟು ಆರ್ದ್ರವಾದ ಶಬ್ದ ಇನ್ನೊಂದು ಸಿಗುವುದು ಕಷ್ಟ, ಆದರೆ ಅದೇ ಭಾಷೆಯಲ್ಲಿ ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂಬ ಗಾದೆಯೂ ಇದೆ. ಮಗಳು ಹಬ್ಬಕ್ಕೆ, ಬಾಣಂತನಕ್ಕೆ ಬಂದರೆ ಬಾಗಿಲು ತೆರೆದಿರುತ್ತದೆ. ಸೂಟ್‌ಕೇಸು ತುಂಬಿಕೊಂಡು, ಮಕ್ಕಳ ಟಿ.ಸಿ. ತೆಗೆಸಿಕೊಂಡು ಬಂದರೆ ಮೂರನೆಯ ವಾರಕ್ಕೆ ಹಿರಿಯರ ಪಂಚಾಯ್ತಿ ಸೇರುತ್ತದೆ. ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂದು ಆರಂಭವಾಗುವ ಮಾತು ‘ಸ್ವಲ್ಪ ಹೊಂದಿಕೊಂಡು ಹೋಗು’ ಎಂಬಲ್ಲಿಗೆ ಮುಗಿಯುತ್ತದೆ. ಕಾನೂನಿನ ಇತಿಹಾಸದಲ್ಲೂ ಇದರ ನೆರಳಿದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 23ನೆಯ ಸೆಕ್ಷನ್ ಪ್ರಕಾರ, ತಂದೆಯ ವಾಸದ ಮನೆಯಲ್ಲಿ ಇರುವ ಹಕ್ಕು ಅವಿವಾಹಿತೆ, ವಿಧವೆ, ಗಂಡ ತೊರೆದವಳು ಅಥವಾ ಗಂಡನಿಂದ ಬೇರೆಯಾದವಳಾದ ಮಗಳಿಗೆ ಮಾತ್ರ ಇತ್ತು. ಆ ಮನೆಯಲ್ಲಿ ತನ್ನ ಪಾಲು ಕೇಳುವ ಅಧಿಕಾರವಂತೂ ಗಂಡು ವಾರಸುದಾರರು ತಾವಾಗಿ ವಿಭಾಗಕ್ಕೆ ಮುಂದಾಗುವ ತನಕ ಇರಲಿಲ್ಲ. ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದು ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತಾದರೂ ಅದಕ್ಕಿಂತ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನೂ 23ನೆಯ ಸೆಕ್ಷನ್ನನ್ನೂ ತೆಗೆದುಹಾಕಿತು. ಹಾಗಾಗಿ ಕಾಗದದ ಮೇಲೆ ಇಂದು ತವರಿನಲ್ಲಿ ಮಗಳಿಗೆ ಪಾಲಿದೆ. ಊರುಗಳಲ್ಲಿ ನಡೆಯುವುದು ಬೇರೆ: ಅಪ್ಪ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಸಬ್‌ ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುತ್ತಾರೆ, ಅರಿಶಿನ ಕುಂಕುಮದ ನಂಟು ಉಳಿಯಲಿ ಎಂದು ಅಕ್ಕತಂಗಿಯರು ಸಹಿ ಹಾಕುತ್ತಾರೆ. ಮುಂದೊಂದು ದಿನ ತಲೆ ಇಡಲು ಜಾಗ ಬೇಕಾದಾಗ ಆ ಸಹಿಯ ಬೆಲೆ ತಿಳಿಯುತ್ತದೆ.

ಬಾಡಿಗೆ ಮನೆಯ ದಾರಿಯೂ ಸಲೀಸಲ್ಲ. ಬೆಂಗಳೂರಿನಂಥ ಊರಿನಲ್ಲಿ ಹಲವು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಎಂದು ಒಟ್ಟಿಗೆ ಕೊಡಬೇಕು. ಗಾರ್ಮೆಂಟ್ಸ್‌ನಲ್ಲಿ ದುಡಿಯುವ, ಸಂಬಳದ ಎಟಿಎಂ ಕಾರ್ಡನ್ನು ಗಂಡನೇ ಇಟ್ಟುಕೊಂಡಿರುವ ಹೆಂಗಸು ಅಷ್ಟು ಹಣ ಎಲ್ಲಿಂದ ತರಬೇಕು? ಹಣ ಹೊಂದಿಸಿದರೂ ‘ಯಜಮಾನ್ರು ಏನು ಮಾಡ್ತಾರೆ?’ ಎಂಬ ಮೊದಲ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ. ಗಂಡ ಬಂದು ಗಲಾಟೆ ಮಾಡಿದರೆ ಎಂಬ ಭಯಕ್ಕೆ ಮನೆ ಮಾಲೀಕರು ಹಿಂಜರಿಯುತ್ತಾರೆ. ಪಿ.ಜಿ.ಗಳಲ್ಲಿ ಒಂಟಿ ಹೆಂಗಸಿಗೆ ಮಂಚ ಸಿಗುತ್ತದೆ, ಆದರೆ ಮಕ್ಕಳನ್ನು ಸಾಮಾನ್ಯವಾಗಿ ಸೇರಿಸುವುದಿಲ್ಲ. ತಾಯಿಯೊಬ್ಬಳು ಹಿಂಸೆಯಿಂದ ಪಾರಾಗಬೇಕಾದರೆ ಮಕ್ಕಳನ್ನು ಹಿಂಸಿಸುವವನ ಬಳಿಯೇ ಬಿಟ್ಟು ಬರಬೇಕಾದ ಪರಿಸ್ಥಿತಿ ಇದು, ಮತ್ತು ಬಹಳಷ್ಟು ತಾಯಂದಿರು ಇದೊಂದೇ ಕಾರಣಕ್ಕೆ ಹೊರಬರುವುದಿಲ್ಲ, ಬಂದವರು ಹಿಂದಿರುಗುತ್ತಾರೆ.

ಈ ಕಟ್ಟನ್ನು ಬಿಡಿಸಲೆಂದೇ ರೂಪುಗೊಂಡದ್ದು ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ. 2005ರಲ್ಲಿ ಅಂಗೀಕಾರವಾಗಿ 2006ರ ಅಕ್ಟೋಬರ್ 26ರಿಂದ ಜಾರಿಗೆ ಬಂದ ಈ ಕಾನೂನಿನ ಹೊಸತನ ಇರುವುದು ಶಿಕ್ಷೆಯಲ್ಲಲ್ಲ, ವಾಸದ ಹಕ್ಕಿನಲ್ಲಿ. ಅದಕ್ಕೂ ಮೊದಲು ಭಾರತೀಯ ದಂಡ ಸಂಹಿತೆಯ 498ಎ ಸೆಕ್ಷನ್ ಗಂಡನನ್ನು ಜೈಲಿಗೆ ಕಳಿಸಬಹುದಿತ್ತು, ಆದರೆ ಹೆಂಡತಿಯನ್ನು ಮನೆಯೊಳಗೆ ಉಳಿಸುವ ಶಕ್ತಿ ಅದಕ್ಕಿರಲಿಲ್ಲ. ಹೊಸ ಕಾಯ್ದೆಯ 17ನೆಯ ಸೆಕ್ಷನ್, ಸಂಬಂಧದಲ್ಲಿ ಒಟ್ಟಿಗೆ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕು ಹೆಂಗಸಿಗೆ ಇದೆ, ಆ ಮನೆಯ ಮೇಲೆ ಅವಳಿಗೆ ಒಡೆತನ ಇದೆಯೋ ಇಲ್ಲವೋ ಎಂಬುದು ಮುಖ್ಯವಲ್ಲ ಎಂದು ಸಾರಿತು. ಕಾನೂನಿನ ಕ್ರಮವಿಲ್ಲದೆ ಅವಳನ್ನು ಹೊರಗೆ ಹಾಕುವಂತಿಲ್ಲ. 19ನೆಯ ಸೆಕ್ಷನ್ ಇನ್ನೂ ಮುಂದೆ ಹೋಗಿ, ಮ್ಯಾಜಿಸ್ಟ್ರೇಟರು ಹಿಂಸಿಸುವ ಗಂಡಸನ್ನೇ ಮನೆಯಿಂದ ಹೊರಗಿರುವಂತೆ ಆದೇಶಿಸಬಹುದು, ಮನೆ ಮಾರದಂತೆ ತಡೆಯಬಹುದು, ಅಥವಾ ಅದೇ ಮಟ್ಟದ ಬೇರೆ ಮನೆಯನ್ನೋ ಅದರ ಬಾಡಿಗೆಯನ್ನೋ ಕೊಡಿಸಬಹುದು ಎಂದಿತು. ಮದುವೆಯಾದವಳಿಗಷ್ಟೇ ಅಲ್ಲ, ಮದುವೆಯಿಲ್ಲದೆ ಮದುವೆಯಂತೆ ಬಾಳಿದವಳಿಗೂ, ತಾಯಿಗೂ, ತಂಗಿಗೂ ಈ ಕಾನೂನು ಅನ್ವಯಿಸುತ್ತದೆ; ಧರ್ಮದ ಭೇದವಿಲ್ಲ.

ಆದರೆ ಕಾಯ್ದೆ ಜಾರಿಯಾಗಿ ಎರಡು ತಿಂಗಳು ತುಂಬುವ ಮೊದಲೇ, 2006ರ ಡಿಸೆಂಬರ್ 15ರಂದು, ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ಅದರ ಬೆನ್ನುಮೂಳೆಯನ್ನೇ ತೆಳುಗೊಳಿಸಿತು. ಗಂಡನದ್ದಾದ, ಗಂಡ ಬಾಡಿಗೆಗೆ ಹಿಡಿದ, ಅಥವಾ ಗಂಡ ಸದಸ್ಯನಾಗಿರುವ ಅವಿಭಕ್ತ ಕುಟುಂಬಕ್ಕೆ ಸೇರಿದ ಮನೆ ಮಾತ್ರ ಈ ಹಕ್ಕಿನ ವ್ಯಾಪ್ತಿಗೆ ಬರುತ್ತದೆ, ಅತ್ತೆಯ ಸ್ವಂತ ಹೆಸರಿನ ಮನೆ ಬರುವುದಿಲ್ಲ ಎಂಬುದು ಆ ತೀರ್ಪಿನ ಸಾರ. ಮದುವೆಯಾದ ಗಂಡುಮಕ್ಕಳು ಅಪ್ಪ ಅಮ್ಮನ ಮನೆಯಲ್ಲೇ ಸಂಸಾರ ಹೂಡುವ ದೇಶದಲ್ಲಿ ಇದರ ಪರಿಣಾಮ ಏನಾಗಬಹುದೆಂದು ಊಹಿಸುವುದು ಕಷ್ಟವಲ್ಲ. ‘ಮನೆ ನನ್ನದಲ್ಲ, ನಮ್ಮಪ್ಪನದು’ ಎಂಬ ಒಂದು ವಾಕ್ಯ ನ್ಯಾಯಾಲಯದಲ್ಲಿ ಸಾಕಾಗುತ್ತಿತ್ತು. ಸುಮಾರು ಹದಿನಾಲ್ಕು ವರ್ಷ, 2020ರ ಅಕ್ಟೋಬರ್ 15ರಂದು ಮೂವರು ನ್ಯಾಯಮೂರ್ತಿಗಳ ಪೀಠ ಆ ತೀರ್ಪು ಸರಿಯಲ್ಲವೆಂದು ಹೇಳುವ ತನಕ, ಈ ವಾಕ್ಯ ಎಷ್ಟು ಹೆಂಗಸರನ್ನು ಹೊರಗೆ ನಿಲ್ಲಿಸಿತೋ ಲೆಕ್ಕವಿಟ್ಟವರಿಲ್ಲ. ಸೊಸೆ ಸ್ವಲ್ಪಮಟ್ಟಿಗೆ ಸ್ಥಿರವಾಗಿ ಬಾಳಿದ ಮನೆ ಗಂಡನ ಸಂಬಂಧಿಕರದ್ದಾದರೂ ಅವಳಿಗೆ ವಾಸದ ಹಕ್ಕಿದೆ ಎಂದು ಅಂದು ತೀರ್ಮಾನವಾಯಿತು. ಇಳಿವಯಸ್ಸಿನ ಅತ್ತೆಮಾವಂದಿರ ನೆಮ್ಮದಿಯನ್ನೂ ತೂಗಿನೋಡಬೇಕು, ಈ ಹಕ್ಕು ಎಂದೆಂದಿಗೂ ಅಳಿಯದ್ದಲ್ಲ ಎಂಬ ಎಚ್ಚರವೂ ಅದೇ ತೀರ್ಪಿನಲ್ಲಿದೆ, ಅದು ನ್ಯಾಯವೂ ಹೌದು.

ಅದಾದ ಎರಡೇ ತಿಂಗಳಿಗೆ, 2020ರ ಡಿಸೆಂಬರ್ 15ರಂದು, ಬೆಂಗಳೂರು ಉತ್ತರದ ಒಂದು ಮನೆಯ ಪ್ರಕರಣ ತೀರ್ಮಾನವಾಯಿತು. ನಮ್ಮ ರಾಜ್ಯದ್ದಾದ್ದರಿಂದ ಮಾತ್ರವಲ್ಲ, ಮನೆ ಹೇಗೆ ಕೈಜಾರುತ್ತದೆ ಎಂಬುದಕ್ಕೆ ಅಷ್ಟು ಸ್ಪಷ್ಟವಾದ ಉದಾಹರಣೆ ಸಿಗುವುದು ಅಪರೂಪವಾದ್ದರಿಂದಲೂ ಇದನ್ನು ವಿವರವಾಗಿ ಹೇಳಬೇಕು. ಗಂಡ ಕೊಂಡಿದ್ದ ಆಸ್ತಿ ಮುಂದೆ ಆತನ ತಂದೆಗೆ ಮಾರಾಟವಾಗಿ, ತಂದೆಯಿಂದ ದಾನವಾಗಿ ತಾಯಿಯ ಹೆಸರಿಗೆ ಬಂದಿತ್ತು. ದಂಪತಿಯ ನಡುವೆ ವ್ಯಾಜ್ಯ ನಡೆಯುತ್ತಿರುವಾಗ ಅತ್ತೆಮಾವ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆ ಮತ್ತು ಕಲ್ಯಾಣ ಕಾಯ್ದೆಯಡಿ ಅರ್ಜಿ ಹಾಕಿ, ಸೊಸೆಯನ್ನು ಮನೆ ಬಿಡಿಸಿಕೊಡಿ ಎಂದು ಕೇಳಿದರು. ಉಪವಿಭಾಗಾಧಿಕಾರಿಯವರು ಬಿಡಿಸುವಂತೆ ಆದೇಶಿಸಿದರು, ಜಿಲ್ಲಾಧಿಕಾರಿಯವರು ಅದನ್ನು ಎತ್ತಿಹಿಡಿದರು, ಹೈಕೋರ್ಟ್ ಕೂಡ ಒಪ್ಪಿತು. ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಪಡಿಸಿ, ಹಿರಿಯರನ್ನು ಕಾಪಾಡುವ ಕಾನೂನನ್ನು ಹೆಣ್ಣಿನ ವಾಸದ ಹಕ್ಕನ್ನು ಅಳಿಸುವ ಅಡ್ಡದಾರಿಯಾಗಿ ಬಳಸುವಂತಿಲ್ಲ, ಎರಡೂ ಕಾನೂನುಗಳನ್ನು ಹೊಂದಿಸಿ ಓದಬೇಕು ಎಂದಿತು. ಹಿರಿಯರ ಕಾಯ್ದೆ ಬೇಗ ತೀರ್ಮಾನ ಕೊಡಲೆಂದೇ ಇರುವ ಸರಳ ವಿಚಾರಣೆಯ ಕಾನೂನು. ಅದರ ಆ ವೇಗವೇ ಇಲ್ಲಿ ಸೊಸೆಯ ವಿರುದ್ಧ ತಿರುಗಿತ್ತು. ನಿಜವಾದ ಮುಪ್ಪಿನ ಸಂಕಟವೂ ಮಗನ ಪರವಾಗಿ ಹೂಡಿದ ಉಪಾಯವೂ ಒಂದೇ ನಮೂನೆಯ ಅರ್ಜಿಯಲ್ಲಿ ಬರುತ್ತವೆ, ಅವುಗಳನ್ನು ಬೇರ್ಪಡಿಸುವ ತಾಳ್ಮೆ ಕಂದಾಯ ಅಧಿಕಾರಿಯ ಮೇಜಿನ ಮೇಲೆ ಇರಬೇಕಾಗುತ್ತದೆ.

2022ರ ಮೇ 12ರಂದು ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು ಬರೆದ ತೀರ್ಪು ಇನ್ನೊಂದು ಬಿರುಕನ್ನು ಮುಚ್ಚಿತು. ಹಿಂಸೆ ನಡೆದಾಗ ಅಥವಾ ಅರ್ಜಿ ಹಾಕುವಾಗ ಅವಳು ಆ ಮನೆಯಲ್ಲಿ ವಾಸವಿರಲೇಬೇಕೆಂದಿಲ್ಲ, ಸಂಬಂಧದ ಕಾರಣದಿಂದ ಅಲ್ಲಿ ವಾಸಿಸುವ ಹಕ್ಕು ಇದ್ದರೆ ಸಾಕು ಎಂದು ಅದು ಹೇಳಿತು. ಆ ರಾತ್ರಿ ಓಡಿಬಂದವಳಿಗೆ ‘ನೀನು ಈಗ ಅಲ್ಲಿಲ್ಲವಲ್ಲ’ ಎಂಬ ತಕರಾರು ಇನ್ನು ಅಡ್ಡಿಯಾಗಬಾರದು.

ಹೀಗೆ ಹಕ್ಕು ಬೆಳೆದಿದೆ. ಹಕ್ಕಿನಿಂದ ಬಾಗಿಲ ತನಕದ ದಾರಿ ಮಾತ್ರ ಉದ್ದವಾಗಿಯೇ ಉಳಿದಿದೆ. ಅರ್ಜಿ ಬಂದ ಮೇಲೆ ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ ಇರಬೇಕು, ಮೊದಲ ವಿಚಾರಣೆಯಿಂದ 60 ದಿನದೊಳಗೆ ಪ್ರಕರಣ ಮುಗಿಸಲು ಪ್ರಯತ್ನಿಸಬೇಕು ಎಂದು ಕಾಯ್ದೆಯ 12ನೆಯ ಸೆಕ್ಷನ್ ಹೇಳುತ್ತದೆ. ನ್ಯಾಯಾಲಯದ ಮೆಟ್ಟಿಲು ಹತ್ತಿದವರಿಗೆ ಈ ದಿನಗಳ ಲೆಕ್ಕ ವರ್ಷಗಳ ಲೆಕ್ಕವಾಗುವುದು ಗೊತ್ತಿದೆ. ಹೆಂಗಸಿಗೂ ನ್ಯಾಯಾಲಯಕ್ಕೂ ನಡುವೆ ನಿಲ್ಲಬೇಕಾದ ಸಂರಕ್ಷಣಾಧಿಕಾರಿಯ ಹುದ್ದೆಯನ್ನು ಕರ್ನಾಟಕದಲ್ಲಿ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ, ಅಂದರೆ ಸಿಡಿಪಿಒಗಳಿಗೆ, ಹೆಚ್ಚುವರಿಯಾಗಿ ವಹಿಸಲಾಗಿದೆ. ತಾಲೂಕಿನ ಅಷ್ಟೂ ಅಂಗನವಾಡಿಗಳ ಹೊಣೆ ಹೊತ್ತ ಅಧಿಕಾರಿಯೇ ನಡೆದ ಹಿಂಸೆಯನ್ನು ದಾಖಲಿಸುವ ಕೌಟುಂಬಿಕ ಘಟನಾ ವರದಿ ಬರೆಯಬೇಕು, ಸಮನ್ಸ್ ಮುಟ್ಟಿಸಬೇಕು, ವಾಸದ ಆದೇಶ ಪಾಲನೆಯಾಗುತ್ತಿದೆಯೇ ಎಂದು ನೋಡಬೇಕು. ಅವರಲ್ಲಿ ಕಾಳಜಿಯಿಂದ ದುಡಿಯುವವರಿದ್ದಾರೆ. ಒಬ್ಬರ ದಿನದಲ್ಲಿ ಇರುವುದು ಇಪ್ಪತ್ತನಾಲ್ಕೇ ಗಂಟೆ. 2025ರ ಮೇ ತಿಂಗಳಲ್ಲಿಯೂ ಸುಪ್ರೀಂ ಕೋರ್ಟ್, ಜಿಲ್ಲಾ ಮತ್ತು ತಾಲೂಕು ಮಟ್ಟದಲ್ಲಿ ಸಂರಕ್ಷಣಾಧಿಕಾರಿಗಳನ್ನು ನೇಮಿಸಿ ಎಂದು ರಾಜ್ಯಗಳಿಗೆ ನಿರ್ದೇಶನ ಕೊಡಬೇಕಾಯಿತು ಎಂದರೆ ಕಾಯ್ದೆ ಬಂದು ಇಪ್ಪತ್ತು ವರ್ಷಗಳಾದರೂ ಅದರ ಮೊದಲ ಮೆಟ್ಟಿಲೇ ಭದ್ರವಾಗಿಲ್ಲ ಎಂದಾಯಿತು.

ಆದೇಶ ಬರುವ ತನಕ ಅವಳು ಎಲ್ಲಿರಬೇಕು? ಇದಕ್ಕೆ ಸರ್ಕಾರದ ಉತ್ತರ ಆಶ್ರಯ ಕೇಂದ್ರಗಳು. 2015ರಿಂದ ಕೆಲಸ ಮಾಡುತ್ತಿರುವ ಸಖಿ ಒನ್ ಸ್ಟಾಪ್ ಕೇಂದ್ರಗಳಲ್ಲಿ ಚಿಕಿತ್ಸೆ, ಪೊಲೀಸ್ ನೆರವು, ಕಾನೂನು ಸಲಹೆ ಒಂದೇ ಕಡೆ ಸಿಗುತ್ತವೆ, 181 ಸಹಾಯವಾಣಿಯ ಮೂಲಕ ಅಲ್ಲಿಗೆ ತಲುಪಬಹುದು. ತಂಗಲು ಅವಕಾಶ ಐದು ದಿನ. ಗಂಡುಮಕ್ಕಳಿದ್ದರೆ ನಿಗದಿತ ವಯಸ್ಸಿನೊಳಗಿನವರಿಗೆ ಮಾತ್ರ ತಾಯಿಯ ಜೊತೆ ಇರಲು ಅವಕಾಶ ಎಂಬುದು ಆ ಯೋಜನೆಯ ನಿಯಮ. ಆ ವಯಸ್ಸು ದಾಟಿದ ಹುಡುಗ ಅಪ್ಪನ ಏಟಿಗೆ ಅಡ್ಡ ನಿಂತು ಅಮ್ಮನನ್ನು ಬಿಡಿಸಿಕೊಂಡು ಬಂದಿರಬಹುದು. ಕೇಂದ್ರದ ಹೊಸ್ತಿಲಲ್ಲಿ ಅವನು ಗಂಡಸು. ಹೆಚ್ಚು ದಿನದ ವಾಸಕ್ಕೆ ಮೊದಲು ಸ್ವಾಧಾರ ಗೃಹಗಳಿದ್ದವು, 2022ರಲ್ಲಿ ಕೇಂದ್ರ ಸರ್ಕಾರದ ಮಿಷನ್ ಶಕ್ತಿಯಡಿ ಅವು ಶಕ್ತಿ ಸದನಗಳಾದವು. ಮೈಸೂರು, ಹುಬ್ಬಳ್ಳಿ ಮುಂತಾದ ಊರುಗಳಲ್ಲಿ ಇಲಾಖೆಯ ರಾಜ್ಯ ಮಹಿಳಾ ನಿಲಯಗಳಿವೆ. 2000ದ ದಶಕದ ಆರಂಭದಿಂದ ಸಾಂತ್ವನ ಕೇಂದ್ರಗಳೂ ಆಪ್ತಸಮಾಲೋಚನೆ ನಡೆಸುತ್ತ ಬಂದಿವೆ. ಇವೆಲ್ಲ ಅನೇಕ ಜೀವಗಳನ್ನು ಉಳಿಸಿವೆ. ಆದರೆ ಐದು ದಿನ, ಅರವತ್ತು ದಿನ, ವರ್ಷಗಳು ಎಂಬ ಮೂರು ಅಳತೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಆಶ್ರಯದ ಅವಧಿ ಮುಗಿಯುವ ದಿನಕ್ಕೂ ನ್ಯಾಯಾಲಯದ ಆದೇಶ ಕೈಗೆ ಬರುವ ದಿನಕ್ಕೂ ನಡುವಿನ ಕಂದಕ ಕಾಣುತ್ತದೆ. ಹೆಂಗಸರು ಬೀದಿಗೆ ಬೀಳುವುದು, ಅಥವಾ ತಲೆ ತಗ್ಗಿಸಿ ಅದೇ ಮನೆಗೆ ಮರಳುವುದು, ಈ ಕಂದಕದಲ್ಲಿ. ನಗರದ ನಿರಾಶ್ರಿತರಿಗಾಗಿ ಇರುವ ರಾತ್ರಿ ತಂಗುದಾಣಗಳು ಇಂಥವರನ್ನು ಮನಸ್ಸಿನಲ್ಲಿಟ್ಟು ಕಟ್ಟಿದವಲ್ಲ. ಗುಟ್ಟಾಗಿರಬೇಕಾದ ವಿಳಾಸ ಅಲ್ಲಿ ಗುಟ್ಟಾಗಿ ಉಳಿಯುವುದಿಲ್ಲ.

ಕಡಿಮೆ ಚರ್ಚೆಯಾಗಿರುವ ಇನ್ನೊಂದು ಸಂಗತಿಯಿದೆ. ಮನೆ ಬಿಟ್ಟವಳು ಗೋಡೆ ಚಾವಣಿಗಳ ಜೊತೆಗೆ ಪಡಿತರ ಚೀಟಿಯನ್ನೂ ಬಿಟ್ಟು ಬರುತ್ತಾಳೆ. ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿ ಪಡಿತರ ಚೀಟಿಯಲ್ಲಿ ಕುಟುಂಬದ ಯಜಮಾನಿ ಎಂದು ನಮೂದಾದವಳಿಗೆ ಸಲ್ಲುತ್ತದೆ. ಕೂಡು ಕುಟುಂಬದಲ್ಲಿ ಆಕೆ ಬಹುತೇಕ ಅತ್ತೆ. ಹೊರಬಂದ ಸೊಸೆ ಬೇರೆ ಚೀಟಿ ಮಾಡಿಸಬೇಕಾದರೆ ಹಳೆಯ ಚೀಟಿಯಿಂದ ಹೆಸರು ತೆಗೆಸಬೇಕು, ಹೊಸ ವಿಳಾಸಕ್ಕೆ ಪುರಾವೆ ಬೇಕು, ವಿಳಾಸವೇ ಇಲ್ಲದವಳಿಗೆ ಅದು ಎಲ್ಲಿಂದ ಬರಬೇಕು? ಪ್ರಧಾನ ಮಂತ್ರಿ ಆವಾಸ್ ಯೋಜನೆಯಲ್ಲಿ ಮನೆಯನ್ನು ಹೆಂಗಸಿನ ಹೆಸರಿಗೆ ಅಥವಾ ಜಂಟಿ ಹೆಸರಿಗೆ ಕೊಡುವುದು ಒಳ್ಳೆಯ ನಿಯಮ. ಆದರೆ ಅದೇ ಯೋಜನೆಯಲ್ಲಿ ಕುಟುಂಬವೆಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು, ಮತ್ತು ಅವರಲ್ಲಿ ಯಾರ ಹೆಸರಿನಲ್ಲೂ ಪಕ್ಕಾ ಮನೆ ಇರಬಾರದು. ವಿಚ್ಛೇದನ ಆಗದೆ ಬೇರೆಯಾಗಿ ಬದುಕುತ್ತಿರುವವಳು ಕಾಗದದ ಮೇಲೆ ಇನ್ನೂ ಆ ಕುಟುಂಬದವಳೇ ಆದ್ದರಿಂದ, ಅವಳನ್ನು ಹೊರಗೆ ಹಾಕಿದ ಮನೆಯೇ ಅವಳಿಗೆ ಹೊಸ ಮನೆ ಸಿಗದಂತೆ ತಡೆಯಬಲ್ಲದು. ರಾಜ್ಯದ ಮನಸ್ವಿನಿ ಪಿಂಚಣಿ 40ರಿಂದ 64 ವರ್ಷದ ಅವಿವಾಹಿತ ಮತ್ತು ವಿಚ್ಛೇದಿತ ಹೆಂಗಸರಿಗಾಗಿ ಇದೆ. ವಿಚ್ಛೇದನದ ಡಿಕ್ರಿಗಾಗಿ ವಕೀಲರ ಫೀಸು ಕಟ್ಟಲಾಗದವಳು, ಮೂವತ್ತೈದರ ತಾಯಿ, ಇದರ ಹೊರಗೆ ಉಳಿಯುತ್ತಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ರಾಜ್ಯದೊಳಗೆ ಬಸ್ಸು ಹತ್ತಲು ಗಂಡನ ಬಳಿ ಹಣ ಕೇಳಬೇಕಿಲ್ಲ, ಇದು ಸಣ್ಣ ಬಿಡುಗಡೆಯೇನಲ್ಲ. ಹೊರಡುವುದು ಸುಲಭವಾಗಿದೆ, ಇಳಿಯುವ ಊರಿನಲ್ಲಿ ಕದ ತೆರೆಯುವವರು ಬೇಕಾಗಿದ್ದಾರೆ.

ಬೀದಿಗೆ ಬಿದ್ದ ಮೇಲಿನ ಬದುಕನ್ನು ಕುರಿತು ಹೆಚ್ಚು ಬರೆಯಬೇಕಿಲ್ಲ. ಕೆಲಸ ತಪ್ಪುತ್ತದೆ, ಮಕ್ಕಳ ಶಾಲೆ ನಿಲ್ಲುತ್ತದೆ, ರಾತ್ರಿ ನಿದ್ದೆಗೆಟ್ಟು ಕಾಯುವ ದೇಹಕ್ಕೂ ಮನಸ್ಸಿಗೂ ರೋಗ ಹತ್ತುತ್ತದೆ. ಕುಟುಂಬ ಇಲ್ಲ, ಕುಟುಂಬ ಒಪ್ಪುವುದಿಲ್ಲ ಅಥವಾ ಮನೆಯಿಲ್ಲ ಎಂಬ ಕಾರಣಕ್ಕೆ ಯಾರನ್ನೂ ಮಾನಸಿಕ ಚಿಕಿತ್ಸಾಲಯದಲ್ಲಿ ಉಳಿಸಿಕೊಳ್ಳಬಾರದೆಂದು 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ ಹೇಳಬೇಕಾಗಿ ಬಂದದ್ದು, ಹಾಗೆ ಉಳಿದುಹೋದವರು ಇದ್ದುದರಿಂದಲೇ.

ಇಂಗ್ಲೆಂಡಿನಲ್ಲಿ ಈ ಎರಡು ವಿಷಯಗಳನ್ನು ಕಾನೂನು ನೇರವಾಗಿ ಜೋಡಿಸಿದೆ. 2021ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ನಂತರ, ದೌರ್ಜನ್ಯದ ಕಾರಣಕ್ಕೆ ಮನೆ ಕಳೆದುಕೊಂಡವರನ್ನು ಸ್ಥಳೀಯ ಆಡಳಿತ ವಸತಿಯ ವಿಷಯದಲ್ಲಿ ತಾನಾಗಿಯೇ ಆದ್ಯತೆಯವರೆಂದು ಪರಿಗಣಿಸಬೇಕು. ನಮ್ಮಲ್ಲಿ ಹಿಂಸೆಯನ್ನು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ನೋಡುತ್ತದೆ, ಮನೆಯನ್ನು ವಸತಿ ಇಲಾಖೆ, ಚೀಟಿಯನ್ನು ಆಹಾರ ಇಲಾಖೆ, ಬೀದಿಯಲ್ಲಿ ಮಲಗಿದವರನ್ನು ನಗರಪಾಲಿಕೆ. ಒಬ್ಬಳೇ ಹೆಂಗಸು ನಾಲ್ಕು ಕಚೇರಿಗಳಲ್ಲಿ ನಾಲ್ಕು ಬಗೆಯ ಅರ್ಜಿದಾರಳಾಗುತ್ತಾಳೆ. ಇಂಗ್ಲೆಂಡಿನಂತೆ ಮನೆ ಕಟ್ಟಿಸಿಕೊಡುವ ಶಕ್ತಿ ನಮ್ಮ ಸ್ಥಳೀಯ ಸಂಸ್ಥೆಗಳಿಗೆ ಇಂದು ಇಲ್ಲದಿರಬಹುದು. ಆದರೆ ಸಂರಕ್ಷಣಾಧಿಕಾರಿ ಬರೆದ ಕೌಟುಂಬಿಕ ಘಟನಾ ವರದಿಯನ್ನೇ ಆಧಾರವಾಗಿಟ್ಟುಕೊಂಡು ಅವಳನ್ನು ಪ್ರತ್ಯೇಕ ಕುಟುಂಬವೆಂದು ಗುರುತಿಸಿ ಪಡಿತರ ಚೀಟಿ ಕೊಡುವುದಕ್ಕೆ, ವಸತಿ ಯೋಜನೆಗಳಲ್ಲಿ ವಿಚ್ಛೇದನದ ಡಿಕ್ರಿ ಕೇಳದಿರುವುದಕ್ಕೆ, ಆಶ್ರಯದ ಅವಧಿಯನ್ನು ನ್ಯಾಯಾಲಯದ ಆದೇಶ ಬರುವ ತನಕ ವಿಸ್ತರಿಸುವುದಕ್ಕೆ ಹೊಸ ಕಾಯ್ದೆಯೇನೂ ಬೇಕಿಲ್ಲ, ಸರ್ಕಾರಿ ಆದೇಶಗಳು ಸಾಕು.

ಇವೆಲ್ಲಕ್ಕಿಂತ ಮೊದಲು ಬರುವುದು ನಮ್ಮ ಕೌಟುಂಬಿಕ ಹಿಂಸೆ ಕಾಯ್ದೆಯ 19ನೆಯ ಸೆಕ್ಷನ್ನಿನ ಆ ಒಂದು ಉಪಖಂಡ, ಹೊಡೆಯುವವನೇ ಹೊರಗೆ ಹೋಗಬೇಕೆಂದು ಆದೇಶಿಸುವ ಅಧಿಕಾರ. ಆಶ್ರಯ ಕೇಂದ್ರ ಎಷ್ಟೇ ಚೆನ್ನಾಗಿರಲಿ, ಅಲ್ಲಿಗೆ ಹೋಗುವವಳು ಮತ್ತು ಅವಳ ಮಕ್ಕಳು ಊರು, ಶಾಲೆ, ಕೆಲಸ, ನೆರೆಹೊರೆ ಎಲ್ಲವನ್ನೂ ಕಳೆದುಕೊಂಡೇ ಹೋಗುತ್ತಾರೆ. ಹೊಡೆದವನು ತನ್ನ ಹಾಸಿಗೆಯಲ್ಲೇ ಮಲಗಿರುತ್ತಾನೆ. ಅರ್ಜಿಯ ಮೊದಲ ವಾರದಲ್ಲೇ ಅದೇ ಕಾಯ್ದೆಯ 23ನೆಯ ಸೆಕ್ಷನ್ನಿನಡಿ ಮಧ್ಯಂತರ ಆದೇಶ ಕೊಡುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿದೆ. ಆ ಆದೇಶವನ್ನು ಜಾರಿಗೊಳಿಸುವಲ್ಲಿ ಅರ್ಜಿದಾರಳಿಗೆ ನೆರವಾಗುವಂತೆ ಹತ್ತಿರದ ಪೊಲೀಸ್ ಠಾಣೆಗೆ ನಿರ್ದೇಶಿಸುವ ಅಧಿಕಾರವನ್ನೂ 19ನೆಯ ಸೆಕ್ಷನ್ನೇ ಕೊಟ್ಟಿದೆ. ಅರ್ಜಿ ಬರೆಯುವ ವಕೀಲರು ಜೀವನಾಂಶದ ಕಾಲಂ ತುಂಬುವಷ್ಟೇ ಎಚ್ಚರದಿಂದ ಈ ಎರಡು ಕೋರಿಕೆಗಳನ್ನೂ ಮೊದಲ ದಿನವೇ ಬರೆದರೆ, ಆ ರಾತ್ರಿ ಅಕ್ಕನ ಅಡುಗೆಕೋಣೆಯಲ್ಲಿ ಚಾಪೆ ಹಾಸಿಕೊಂಡವಳು ಮುಂದಿನ ಸೋಮವಾರ ಮಕ್ಕಳನ್ನು ಅದೇ ಶಾಲೆಗೆ, ಅದೇ ಮನೆಯಿಂದ ಕಳಿಸಬಹುದು.